ನಮ್ಮ ಕೂಸಿಗೆ ಕಣ್ಣು ಹಾಕಿದ ಅಮೆರಿಕಾದವಳು

ಅಮೆರಿಕಾದಿಂದ ಒಬ್ಬ ಹುಡುಗಿ ನಮ್ಮ ಮಹಡಿ ಕೋಣೆಗೆ ಬಾಡಿಗೆಗೆ ಬರುತ್ತಾಳೆಂದು ಗೊತ್ತಾದಾಗ ನಮ್ಮತ್ತೆ ಮೊದಲು ಮೆಟ್ಟಿಲ ಗೋಡೆಗೆ ಸುಣ್ಣ ಹೊಡೆಸಿದರು. ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಯಾರೂ ಕೇಳದಿದ್ದರೂ, ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದರು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಸುದ್ದಿ ಮುಟ್ಟಿಸುವುದು ಸುಲಭದ ಕೆಲಸವಲ್ಲ. ಕರೆಂಟಿರುವಷ್ಟು ಹೊತ್ತೂ ಮನೆಮನೆಯಲ್ಲಿ ಮಗ್ಗಗಳು ಕಟಕಟ ಎನ್ನುತ್ತಿರುತ್ತವೆ. ಪಕ್ಕದಲ್ಲೇ ಕೂತವರಿಗೂ ಕೂಗಿ ಹೇಳಬೇಕು. ಹಾಗಾಗಿ ನಮ್ಮಲ್ಲಿ ಗುಟ್ಟು ಎನ್ನುವುದು ಕರೆಂಟು ಹೋದಾಗ ಮಾತ್ರ ಸಾಧ್ಯ.

ಹುಡುಗಿಗೆ ಮಕ್ಕಳ ಡಾಕ್ಟರಾಗುವ ಆಸೆ. ಕಾಲೇಜಿನ ರಜೆಯಲ್ಲಿ ದೂರದ ಊರೊಂದರ ಮಕ್ಕಳ ಆಸ್ಪತ್ರೆಯಲ್ಲಿ ಕೂತು ಕಣ್ಣಾರೆ ಕಂಡು ಕಲಿಯಬೇಕೆಂದು ಹೊರಟಿದ್ದಳಂತೆ. ಯಾರ್ಯಾರ ಮೂಲಕವೋ ನಮ್ಮೂರ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಮಕ್ಕಳ ಡಾಕ್ಟರು ಒಪ್ಪಿಕೊಂಡುಬಿಟ್ಟಿದ್ದರು. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಇಂಗ್ಲಿಷ್ ಬರುತ್ತದೆಂದ ಮೇಲೆ ಅಮೆರಿಕಾದವರನ್ನು ಸಾಕುವುದಕ್ಕೂ ಬರುತ್ತದೆಂದು ಡಾಕ್ಟರು ತಾವೇ ತೀರ್ಮಾನಿಸಿ ಅವಳನ್ನು ನಮ್ಮ ಮನೆಗೆ ಕಳಿಸಿದರು.

ಆಟೋ ಬಂದು ನಿಂತಾಗ ಅರ್ಧ ಬೀದಿ ನಮ್ಮ ಜಗಲಿಯ ಮೇಲಿತ್ತು. ಇಳಿದವಳು ಕುಳ್ಳಗಿದ್ದಳು. ಮೈಬಣ್ಣ ನಮ್ಮದೇ, ಬೆನ್ನ ಮೇಲೆ ದಪ್ಪ ಕಪ್ಪು ಜಡೆ. ಎಲ್ಲರೂ ಅವಳನ್ನು ಬಿಟ್ಟು ಆಟೋದೊಳಕ್ಕೆ ಇಣುಕಿ ನೋಡಿದರು. ಅವಳ ಬ್ಯಾಗು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ.

“ಇವ್ಳೇನಾ? ನಮ್ಮ ಸೂಲಿಬೆಲೆ ಕಡೆ ಹುಡ್ಗಿ ಇದ್ದಂಗವ್ಳಲ್ಲೇ,” ಎಂದರು ಅತ್ತೆ, ಬೆಳ್ಳಗೆ ಮಿರುಗುತ್ತಿದ್ದ ಮೆಟ್ಟಿಲ ಕಡೆ ನೋಡುತ್ತಾ.

ಅವಳ ಅಪ್ಪ ಅಮ್ಮ ಮೆಕ್ಸಿಕೋದವರು, ಹೊಲಗಳಲ್ಲಿ ಕೂಲಿ ಮಾಡಲು ಅಮೆರಿಕಾಕ್ಕೆ ಬಂದು ಅಲ್ಲೇ ನೆಲೆ ನಿಂತವರು, ಇವಳು ಹುಟ್ಟಿದ್ದು ಅಲ್ಲೇ ಎಂದು ನಾನು ವಿವರಿಸಿದೆ. ಅತ್ತೆಗೆ ಇದು ನನಗಿಂತ ಬೇಗ ಅರ್ಥವಾಯಿತು. ಅವರ ಅಜ್ಜಂದಿರೂ ಆಂಧ್ರದ ಕಡೆಯಿಂದ ಮಗ್ಗ ಹೊತ್ತುಕೊಂಡು ಬಂದವರೇ. ಆದರೂ ಮೋಸ ಹೋದ ಸಂಕಟ ಹೋಗಲಿಲ್ಲ. ರೇಷ್ಮೆ ಯಾವುದು, ನಕಲಿ ನೂಲಿನ ಆರ್ಟ್ ಸಿಲ್ಕ್ ಯಾವುದು ಎಂದು ಬೆರಳಲ್ಲಿ ಮುಟ್ಟಿಯೇ ಹೇಳುವ ಬೀದಿ ನಮ್ಮದು. ಕೇಳಿದವರಿಗೆಲ್ಲ ಅತ್ತೆ, ಹುಡುಗಿ ಅಮೆರಿಕಾದವಳೇ, ಆದರೆ ಒರಿಜಿನಲ್ ಅಲ್ಲ ಎಂದು ಹೇಳತೊಡಗಿದರು.

ಬೀದಿಯವರು ಇನ್ನೊಂದು ವಿಷಯಕ್ಕೂ ತಲೆ ಕೆಡಿಸಿಕೊಂಡರು. ಡಾಕ್ಟರಾಗುವುದು ಸರಿ, ಮಕ್ಕಳ ಡಾಕ್ಟರು ಯಾಕೆ? ನನ್ನ ಕ್ಲಾಸಿನಲ್ಲಿ ಸೈನ್ಸ್ ತೆಗೆದುಕೊಂಡವರನ್ನು ಮುಂದೇನು ಎಂದು ಕೇಳಿದರೆ ಇಡೀ ಬೆಂಚು ಡಾಕ್ಟರ್ ಎನ್ನುತ್ತದೆ. ಯಾಕೆ ಎಂದರೆ ಇಡೀ ಬೆಂಚು ಸೇವೆ ಎನ್ನುತ್ತದೆ. ನಮ್ಮ ಎದುರು ಮನೆಯ ಸೀರೆ ವ್ಯಾಪಾರಿಗೆ ಅಂಥ ನಾಟಕ ಬರುವುದಿಲ್ಲ. ಅವರು ಹುಡುಗಿಯನ್ನು ಕೂರಿಸಿಕೊಂಡು, ನನ್ನ ಕೈಲಿ ಅನುವಾದ ಮಾಡಿಸಿ, ಮಕ್ಕಳ ಬದಲು ಮೂಳೆ ಡಾಕ್ಟರಾಗುವುದು ಲೇಸೆಂದು ತಿಳಿಹೇಳಿದರು. ಊರಿನ ಪಕ್ಕದಲ್ಲೇ ಹೈವೇ ಇರುವಾಗ ಮೂಳೆಗೆ ಯಾವತ್ತೂ ಬರಗಾಲ ಬರುವುದಿಲ್ಲ ಎಂಬುದು ಅವರ ವಾದ. ಅವಳು ತುಂಬ ಗಂಭೀರವಾಗಿ ಕೇಳಿಸಿಕೊಂಡು, ನಮ್ಮೂರಿನ ಹತ್ತಿರವೂ ಹೈವೇ ಇದೆ, ಯೋಚನೆ ಮಾಡುತ್ತೇನೆ ಎಂದಳು. ಆಗಲೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು.

ನಿಜವಾದ ಕಾರಣವನ್ನು ಅವಳು ಹೇಳಿದ್ದು ನಮ್ಮ ತಾರಸಿಯ ಮೇಲೆ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ನನ್ನ ಜೊತೆ ಬಿಸಿಲಿಗೆ ಹರವುತ್ತಿದ್ದಾಗ. ಅವಳು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಮನೆಯವರೆಲ್ಲ ಮೆಕ್ಸಿಕೋದ ಹಳ್ಳಿಗೆ, ಅಜ್ಜಿಯ ಮನೆಗೆ ಹೋಗಿದ್ದರಂತೆ. ಜೊತೆಯಲ್ಲಿ ಇನ್ನೂ ಅಂಬೆಗಾಲಿಡದ ತಮ್ಮ. ಆ ಮಗುವಿಗೆ ವಾಂತಿ ಭೇದಿ ಹಿಡಿಯಿತು. ಆಸ್ಪತ್ರೆ ದೂರ. ಅಜ್ಜಿ ತಮಗೆ ಗೊತ್ತಿದ್ದ ಮದ್ದೆಲ್ಲ ಮಾಡಿದರು, ಮಗು ಉಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಅಜ್ಜಿ ನೆಂಟರೆಲ್ಲರ ಎದುರಿಗೆ ಇವಳ ಕಡೆ ಕೈತೋರಿಸಿ, ಇವಳ ಕಣ್ಣೇ ತಾಗಿದ್ದು ಎಂದರು. ದಿನವಿಡೀ ತಮ್ಮನನ್ನೇ ನೋಡುತ್ತಿದ್ದಳು, ಮುಟ್ಟಲಿಲ್ಲ ಎಂದರು.

ನನಗೆ ಮೊದಲು ಬಂದದ್ದು ಆಶ್ಚರ್ಯ. ಕಣ್ಣು ತಾಗುವುದು ನಮ್ಮ ಸ್ವಂತ ಆಸ್ತಿ ಎಂದು ತಿಳಿದಿದ್ದೆ. ಅಲ್ಲಿಯೂ ಅದೇ ಇದೆಯಂತೆ, ಮಕ್ಕಳಿಗೇ ಹೆಚ್ಚು ತಾಗುತ್ತದಂತೆ. ಒಂದೇ ವ್ಯತ್ಯಾಸ. ಅಲ್ಲಿ ಯಾರದಾದರೂ ಮಗುವನ್ನು ನೋಡಿ ಚೆನ್ನಾಗಿದೆ ಅನ್ನಿಸಿದರೆ ತಕ್ಷಣ ಅದನ್ನು ಮುಟ್ಟಬೇಕು. ಮೆಚ್ಚಿ, ಮುಟ್ಟದೆ ಹೋದರೆ ದೃಷ್ಟಿ. ಅಂದಿನಿಂದ ಅವಳು ಮೆಚ್ಚಿದ ಮಗುವನ್ನು ಮುಟ್ಟದೆ ಬಿಟ್ಟಿಲ್ಲವಂತೆ. ಅದೆಲ್ಲ ಸುಳ್ಳು, ತಮ್ಮ ಸತ್ತದ್ದು ಮೈಯ ನೀರು ಆರಿ ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೈ ತಾನಾಗಿ ಮುಂದೆ ಹೋಗುತ್ತದೆ. ಮಕ್ಕಳ ಡಾಕ್ಟರಾದರೆ, ಒಂದಷ್ಟು ಮಕ್ಕಳನ್ನು ಉಳಿಸಿದರೆ, ತನ್ನ ಕಣ್ಣಲ್ಲಿ ಏನೂ ಇರಲಿಲ್ಲವೆಂದು ತನಗೇ ನಂಬಿಕೆ ಬರಬಹುದು ಎಂದಳು. ನಾನು ಲಡಿ ಕೊಡವುತ್ತಾ ನಿಂತೆ.

ಕ್ಲಿನಿಕ್ಕಿನಲ್ಲಿ ಅವಳಿಗೆ ಒಂದು ಸ್ಟೂಲು ಸಿಕ್ಕಿತ್ತು. ಡಾಕ್ಟರು ಒಳ್ಳೆಯವರು, ಆದರೆ ಅವರಿಗೆ ಪುರುಸೊತ್ತಿಲ್ಲ. ಒಂದು ಮಗುವಿನ ಬಾಯಿ ಮುಚ್ಚುವುದರೊಳಗೆ ಇನ್ನೊಂದರದ್ದು ತೆರೆಸಬೇಕು. ಬರುವ ತಾಯಂದಿರು ಸೂಜಿ ಹಾಕದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪುವುದಿಲ್ಲ. ಹುಡುಗಿಯ ಬಣ್ಣ ಮತ್ತು ಜಡೆ ನೋಡಿದವರು ಹೊಸ ನರ್ಸೆಂದು ತಿಳಿದು ಟೋಕನ್ ಕೇಳುತ್ತಿದ್ದರು. ಅವಳು ಟೋಕನ್ ಕೊಡುವುದನ್ನೂ ಕಲಿತಳು. ಮಕ್ಕಳನ್ನು ಮುಟ್ಟುವುದಕ್ಕೆ ಅದೊಂದು ದಾರಿಯಾಯಿತು.

ಮನೆಯಲ್ಲೂ ಒಂದು ಕೂಸಿತ್ತು, ನನ್ನ ಮೈದುನನ ಮಗ. ಆಗತಾನೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ. ಅವನ ತಾಯಿ, ನನ್ನ ಓರಗಿತ್ತಿ, ಮಗುವಿಗೆ ಹೊರಗಿನದು ಏನನ್ನೂ ತಿನ್ನಿಸಬಾರದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು. ಬೇರೆ ಎಲ್ಲದಕ್ಕೂ ಅತ್ತೆಗೆ ಹೆದರುವವಳು ಇದೊಂದರಲ್ಲಿ ಮಾತ್ರ ಜಗ್ಗುತ್ತಿರಲಿಲ್ಲ. ಮೊಮ್ಮಗನ ಊಟದ ಅಧಿಕಾರ ಕೈತಪ್ಪಿದ ದಿನದಿಂದ ಅತ್ತೆ ಅವನ ದೃಷ್ಟಿಯ ಖಾತೆಯನ್ನು ತಾವೇ ವಹಿಸಿಕೊಂಡಿದ್ದರು. ಕೆನ್ನೆಗೆ ಕಾಡಿಗೆ ಬೊಟ್ಟು, ಸೊಂಟಕ್ಕೆ ಕಪ್ಪು ದಾರ, ಬಂದವರು ಚೆನ್ನಾಗಿದ್ದಾನೆ ಎಂದರೆ ಎಲ್ಲಿ ಚೆನ್ನಾಗಿದ್ದಾನೆ, ಬಡಕಲು ಎಂಬ ಖಂಡನೆ, ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಬೀದಿಯ ಕೂಸುಗಳು ಮಗ್ಗದ ಸದ್ದಿಗೆ ಮಲಗುತ್ತವೆ, ಸದ್ದು ನಿಂತರೆ ಎದ್ದು ಅಳುತ್ತವೆ. ನಮ್ಮವನೂ ಎದ್ದ. ಓರಗಿತ್ತಿ ಬಟ್ಟೆ ಒಗೆಯುತ್ತಿದ್ದಳು. ದನ ತೋರಿಸಿಕೊಂಡು ಬರುತ್ತೇನೆಂದು ಅತ್ತೆ ಅವನನ್ನು ಸೊಂಟಕ್ಕೇರಿಸಿಕೊಂಡು ಬೀದಿ ಕೊನೆಗೆ ಹೋದವರು ಸಾವಕಾಶವಾಗಿ ವಾಪಸಾದರು. ಅದೇ ಹೊತ್ತಿಗೆ ಹುಡುಗಿ ಕ್ಲಿನಿಕ್ಕಿನಿಂದ ಬಂದಳು. ಸೆಕೆಗೆ ಎಲ್ಲರೂ ಜಗಲಿಗೆ ಬಂದು ಕೂತಿದ್ದರು. ಅವಳು ಮಗುವನ್ನು ನೋಡಿ, ಎಷ್ಟು ಮುದ್ದಾಗಿದ್ದಾನೆ, ಎಂಥ ಕಣ್ಣು ಎಂದು ಬಾಯಿತುಂಬ ಹೊಗಳಿ, ಹಣೆಯ ಮೇಲೆ ಅಂಗೈ ಇಟ್ಟು, ಕೆನ್ನೆ ಸವರಿದಳು. ಕೆನ್ನೆ ಅಂಟಂಟಾಗಿತ್ತೇನೋ, ಕೈಯನ್ನು ಜೀನ್ಸಿಗೆ ಒರೆಸಿಕೊಂಡಳು. ಕಾಡಿಗೆಯೂ ಅಳಿಸಿಹೋಯಿತು.

ಜಗಲಿಯಲ್ಲಿದ್ದವರೆಲ್ಲ ಅತ್ತೆಯ ಮುಖ ನೋಡಿದರು. ಅನ್ಯರ ಕೂಸನ್ನು ಎಲ್ಲರೆದುರು ಹೊಗಳಿ, ಅದರ ಮೇಲೆ ಕೈಯನ್ನೂ ಆಡಿಸುವುದೆಂದರೆ ನಮ್ಮಲ್ಲಿ ದೃಷ್ಟಿ ಹಾಕುವುದರ ಪೂರ್ತಿ ವಿಧಾನ ಅದೇ. ಅವಳ ಅಜ್ಜಿಯ ಮದ್ದು ನಮ್ಮ ಅತ್ತೆಯ ರೋಗವಾಗಿತ್ತು. ಇವಳ ಕೈ ಮುರಿದುಹೋಗ ಎಂದು ಅತ್ತೆ ಗೊಣಗಿದ್ದನ್ನು ನಾನು, ಕೈ ತೊಳೆದುಕೊಂಡು ಬಾ ಅನ್ನುತ್ತಿದ್ದಾರೆ ಎಂದು ಅನುವಾದಿಸಿದೆ. ಅವಳು ನಾಚಿಕೊಂಡು, ಹೌದು, ಅದು ಮೊದಲ ಪಾಠ, ಎಂದು ಕೈ ತೊಳೆಯಲು ಹೋದಳು.

ಮಾರನೆಯ ದಿನ ಅಮಾವಾಸ್ಯೆ. ಬೆಳಗಿನಿಂದಲೇ ಕೂಸಿಗೆ ಭೇದಿ ಹಿಡಿಯಿತು, ನಡುವೆ ವಾಂತಿ. ನಮ್ಮ ಮನೆಯ ಗಂಡಸರೆಲ್ಲ ಸೀರೆ ಕೊಡಲು ಬೆಂಗಳೂರಿಗೆ ಹೋಗಿದ್ದರು. ಡಾಕ್ಟರು ದೇವನಹಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದರು. ನಾನು ಫೋನ್ ಮಾಡಿದಾಗ, ತಾಯಿ ಹಾಲು ನಿಲ್ಲಿಸಬೇಡಿ, ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿಯನ್ನು ಕಾಯಿಸಿ ಆರಿಸಿದ ನೀರಲ್ಲಿ ಕಲಸಿ ಚಮಚ ಚಮಚ ಕೊಡುತ್ತಿರಿ, ಮಗು ಸೊರಗಿದರೆ ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಅತ್ತೆ ಇದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೆಳಗೆ ಹೋಗುತ್ತಿರುವಾಗ ಮೇಲಿನಿಂದ ನೀರು ಹಾಕಿದರೆ ಇನ್ನಷ್ಟು ಹೋಗುತ್ತದೆ ಎಂಬುದು ಅವರ ವೈದ್ಯಶಾಸ್ತ್ರ. ಹಾಲೂ ನಿಂತಿತು. ಅಮಾವಾಸ್ಯೆಯ ದಿನ ಕೂಸನ್ನು ಹೊಸಿಲು ದಾಟಿಸುವ ಮಾತೇ ಇರಲಿಲ್ಲ. ಇಷ್ಟು ದಿನ ಊಟದ ವಿಷಯದಲ್ಲಿ ಗಟ್ಟಿಯಾಗಿದ್ದ ಓರಗಿತ್ತಿ, ಮಗು ಕಣ್ಣೆದುರಿಗೆ ಬಾಡುವುದನ್ನು ನೋಡಿ ಕೈಚೆಲ್ಲಿ ಕೂತಳು. ನಾನು ರೇಗಿದೆ. ಪಾಠ ಮಾಡುವವಳು ಪಾಠ ಮಾಡು ಎಂದರು ಅತ್ತೆ.

ಅವರು ಮಾಡಿದ್ದು ದೃಷ್ಟಿ ತೆಗೆಯುವ ಏರ್ಪಾಡು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಎಲ್ಲ ಸಿದ್ಧವಾದವು. ಕಣ್ಣು ಹಾಕಿದವರ ಪಾದದ ಮಣ್ಣು ಬೇಕಾಗಿತ್ತು. ಅಮೆರಿಕಾದವಳು ಬರಿಗಾಲಲ್ಲಿ ಓಡಾಡುವವಳಲ್ಲ, ಆದ್ದರಿಂದ ಅತ್ತೆ ಮಹಡಿ ಬಾಗಿಲಲ್ಲಿದ್ದ ಅವಳ ಒಂದು ಸ್ಪೋರ್ಟ್ಸ್ ಶೂ ತಂದು ಅದರ ಅಡಿಯನ್ನು ಚಾಕುವಿನಿಂದ ಕೆರೆದರು. ಎಲ್ಲವನ್ನೂ ಇಳಿತೆಗೆದು ಒಲೆಗೆ ಹಾಕಿದ ಮೇಲೆ, ಘಾಟೇ ಬರಲಿಲ್ಲ, ದೃಷ್ಟಿಯೇ ಅನ್ನುವುದು ಖಂಡಿತ ಎಂದು ಕೆಮ್ಮುತ್ತಾ ಕೆಮ್ಮುತ್ತಾ ಘೋಷಿಸಿದರು. ಕೂಸಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಕಾಣೆಯಾದ ಶೂ ಹುಡುಕಿಕೊಂಡು ಕೆಳಗೆ ಬಂದ ಹುಡುಗಿ ನಡುಮನೆಯ ಬಾಗಿಲಲ್ಲೇ ನಿಂತಳು. ಒಳಗೆ ಬರಬೇಡ ಎಂದು ಅತ್ತೆ ಕೈ ಅಡ್ಡ ಹಿಡಿದಿದ್ದರು. ಅಲ್ಲಿಂದಲೇ ಅವಳಿಗೆ ಕಂಡಿತು. ಕೂಸು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಹರಳೆಣ್ಣೆ ಹಾಕಿದ್ದ ನೆತ್ತಿ ಗುಳಿ ಬಿದ್ದಿತ್ತು. ನನ್ನ ತಮ್ಮನಿಗೂ ಹೀಗೇ ಆಗಿತ್ತು ಎಂದಳು ನನಗೆ, ತೀರ ಸಣ್ಣ ದನಿಯಲ್ಲಿ. ಬೀದಿಯ ಮಗ್ಗಗಳ ಸದ್ದಿನಲ್ಲಿ ನನಗೆ ಅದು ಹೇಗೆ ಕೇಳಿಸಿತೋ ಗೊತ್ತಿಲ್ಲ. ಎಲ್ಲರೂ ತನ್ನನ್ನು ಯಾಕೆ ನೋಡುತ್ತಿದ್ದಾರೆ ಎಂದು ಕೇಳಿದಳು. ಈ ಸಲ ನಾನು ಸುಳ್ಳು ಅನುವಾದ ಮಾಡಲಿಲ್ಲ, ಇದ್ದದ್ದನ್ನು ಹೇಳಿದೆ.

ಇಷ್ಟು ದೂರ ಬಂದರೂ ಆ ಮಾತು ಅವಳನ್ನು ಹುಡುಕಿಕೊಂಡು ಬಂದಿತ್ತು. ಅವಳು ಬ್ಯಾಗು ತೆಗೆದುಕೊಂಡು ಹೊರಟಿದ್ದರೆ ನಾನೇ ಬಸ್ಸು ಹತ್ತಿಸಿ ಬರುತ್ತಿದ್ದೆ. ಅವಳು ಹೊರಡಲಿಲ್ಲ. ಸ್ವಲ್ಪ ಹೊತ್ತು ಕೂಸನ್ನೇ ನೋಡಿ, ಕನ್ನಡದಲ್ಲಿ ನನ್ನ ಕಣ್ಣು ಅನ್ನುವುದು ಹೇಗೆ ಎಂದು ಕೇಳಿದಳು. ನನಗೆ ಅರ್ಥವಾಯಿತು. ಬೇಡ ಎಂದೆ. ಅಕ್ಕಾ, ಹೊತ್ತಿಲ್ಲ, ಹೇಳಿಕೊಡಿ ಎಂದಳು. ಹೇಳಿಕೊಟ್ಟೆ.

“ನನ್ನ ಕಣ್ಣು, ಅಜ್ಜೀ,” ಎಂದಳು ಅತ್ತೆಯ ಎದುರು ನಿಂತು, ಎದೆ ಮುಟ್ಟಿಕೊಂಡು. “ನಾನೇ.”

ಅವಳು ಇಂಗ್ಲಿಷಿನಲ್ಲಿ ಕಟ್ಟಿ ಹೇಳಿದ ಉಳಿದದ್ದನ್ನು ನಾನು ಕನ್ನಡಕ್ಕೆ ತರಬೇಕಾಯಿತು. ಅವರ ದೇಶದಲ್ಲಿ ಯಾರ ಕಣ್ಣು ತಾಗಿತೋ ಅವರೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಉಪ್ಪು ಸಕ್ಕರೆ ಸೇರಿದ ನೀರನ್ನು ಚಮಚ ಚಮಚ ಕುಡಿಸಬೇಕು, ದೃಷ್ಟಿ ಬಿಡುವವರೆಗೂ ನಿಲ್ಲಿಸಬಾರದು, ನಡುನಡುವೆ ತಾಯಿ ಹಾಲನ್ನೂ ಕೊಡಬೇಕು, ದೃಷ್ಟಿ ಬಿಟ್ಟಿದೆಯೋ ಇಲ್ಲವೋ ಎಂದು ದೊಡ್ಡಾಸ್ಪತ್ರೆಯಲ್ಲಿ ತೋರಿಸಿಯೇ ತೋರಿಸಬೇಕು. ಕಡೆಯದು ನನ್ನ ಸ್ವಂತ ಸೇರ್ಪಡೆ. ಡಾಕ್ಟರು ಫೋನಿನಲ್ಲಿ ಹೇಳಿದಾಗ ಒಪ್ಪದ ಅತ್ತೆ, ಅದನ್ನೇ ಅಪರಾಧಿಯ ಬಾಯಿಂದ ಕೇಳಿದಾಗ ತಕ್ಷಣ ಒಪ್ಪಿದರು. ತಪ್ಪು ಮಾಡಿದವಳು ಒಪ್ಪಿಕೊಂಡಿದ್ದಾಳೆ, ಪ್ರಾಯಶ್ಚಿತ್ತ ಮಾಡಿಕೊಳ್ಳಲಿ ಬಿಡು ಎಂದು ದೊಡ್ಡ ಮನಸ್ಸಿನಿಂದ ಕೂಸನ್ನು ಅವಳ ಮಡಿಲಿಗೆ ಹಾಕಿದರು.

ಅವಳು ಗೋಡೆಗೊರಗಿ ಕೂತವಳು ಏಳಲಿಲ್ಲ. ಒಂದು ಚಮಚ, ಸ್ವಲ್ಪ ಬಿಡುವು, ಮತ್ತೊಂದು ಚಮಚ. ವಾಂತಿಯಾದರೆ ಕಾದು ಮತ್ತೆ. ಅತ್ತೆ ಎದುರಿಗೆ ಕೂತು, ಅಪರಾಧಿ ಎಲ್ಲಿ ಕೈಕೊಡುತ್ತಾಳೋ ಎಂದು ಕಾವಲು ಕಾದರು. ಮೈದುನ ಬರುವ ಹೊತ್ತಿಗೆ ಕೂಸು ಅವಳ ಜೀನ್ಸಿನ ಮೇಲೆ ಚೆನ್ನಾಗಿ ಉಚ್ಚೆ ಹೊಯ್ದಿತ್ತು. ಮೈಯಲ್ಲಿ ನೀರು ನಿಂತ ಗುರುತಾದ ಆ ಒದ್ದೆಯನ್ನು ನೋಡಿ ಅವಳು ಅಳುತ್ತಾ ನಗುತ್ತಿದ್ದಳು. ನಾವು ಅಮಾವಾಸ್ಯೆಯನ್ನು ಮನೆಯಲ್ಲೇ ಬಿಟ್ಟು ದೊಡ್ಡಾಸ್ಪತ್ರೆಗೆ ಹೋದೆವು. ಸರಿಯಾದ ಕೆಲಸ ಮಾಡಿದ್ದೀರಿ, ಇನ್ನೇನೂ ಭಯವಿಲ್ಲ, ಯಾರು ನೀರು ಕುಡಿಸಿದ್ದು ಎಂದು ಅಲ್ಲಿಯ ಡಾಕ್ಟರು ಕೇಳಿದರು. ಕಣ್ಣು ಹಾಕಿದವಳೇ ಕುಡಿಸಿದಳು ಎಂದರು ಅತ್ತೆ.

ಮುಂದಿನದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಹಾಕಿದ ಕಣ್ಣನ್ನು ತಾನೇ ತೆಗೆಯುವವಳು ಬೀದಿಯಲ್ಲಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಯಿತು. ತಾಯಂದಿರು ಹಗಲೆಲ್ಲ ಅವಳು ಕಂಡೊಡನೆ ಕೂಸಿನ ಮೇಲೆ ಸೆರಗು ಮುಚ್ಚುವರು. ಅದೇ ಕೂಸಿಗೆ ಭೇದಿಯಾದರೆ ಸಂಜೆ ನಮ್ಮ ಬಾಗಿಲಿಗೆ ಬಂದು, ನಿನ್ನ ಕಣ್ಣೇ ತಾಗಿದ್ದು, ಬಂದು ನೀರು ಕೊಡು ಎಂದು ದಬಾಯಿಸುವರು. ಅವಳು ಯಾವತ್ತೂ ಇಲ್ಲ ಅನ್ನಲಿಲ್ಲ. ಪುಡಿ, ಚಮಚ, ಕಾಯಿಸಿ ಆರಿಸಿದ ನೀರು ಹಿಡಿದು ಹೋಗಿ, ತಪ್ಪೊಪ್ಪಿಕೊಂಡು, ತಾಯಿಯ ಕೈಗೇ ಚಮಚ ಕೊಟ್ಟು ಕಲಿಸಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಬರುವಳು. ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯಿಂದ ಅತ್ತೆಯ ತಂಗಿ ಫೋನ್ ಮಾಡಿ, ತಮ್ಮ ಮೊಮ್ಮಗಳಿಗೂ ಇವಳದೇ ಕಣ್ಣು ಎಂದು ದೂರು ಕೊಟ್ಟರು. ಹುಡುಗಿ ಮಧುರೆಯನ್ನು ನೋಡಿಯೇ ಇಲ್ಲವಲ್ಲ ಎಂದೆ. ಮಧುರೆ ಬಸ್ಸು ನಿಮ್ಮ ಬಸ್ ಸ್ಟ್ಯಾಂಡಿನಿಂದಲೇ ಅಲ್ಲವೇ ಹೊರಡುವುದು ಎಂದರು. ಕ್ಲಿನಿಕ್ಕಿನ ಡಾಕ್ಟರು ಮಾತ್ರ ಖುಷಿಯಾಗಿದ್ದರು. ಇಷ್ಟು ವರ್ಷ ತಾವು ಗೋಡೆಗೆ ಪೋಸ್ಟರ್ ಅಂಟಿಸಿದರೂ ಯಾರೂ ಕೊಳ್ಳದ ಪುಡಿ ಈಗ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿಲ್ಲ ಎಂದು ನಗುತ್ತಿದ್ದರು.

ಅವಳೂ ನಗುತ್ತಿದ್ದಳು. ಆದರೆ ಪ್ರತಿ ಮನೆಯಿಂದ ಬಂದ ಮೇಲೆ ತಾರಸಿಗೆ ಹೋಗಿ ಒಬ್ಬಳೇ ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ಸುಳ್ಳೆಂದು ಗೊತ್ತಿದ್ದರೂ, ನನ್ನ ಕಣ್ಣು ಎಂದು ದಿನಾ ಬಾಯಿಬಿಟ್ಟು ಹೇಳುವುದು ತಮಾಷೆಯಲ್ಲ. ನನಗೆ ಆ ತಾಯಂದಿರ ಮೇಲೆಲ್ಲ ಸಿಟ್ಟು ಬರುತ್ತಿತ್ತು.

ಅವಳು ಹೊರಡುವ ದಿನ ಬ್ಯಾಗುಗಳನ್ನು ಜಗಲಿಗೆ ತಂದಿಟ್ಟ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಅತ್ತೆ ನಮ್ಮಿಬ್ಬರನ್ನೂ ಅಡಿಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಇವ್ಳಿಗೊಂದು ಮಾತು ಹೇಳ್ಬೇಕು. ನೀನು ಬದ್ಲಾಯಿಸ್ದೆ ಹೇಳು,” ಎಂದರು ನನಗೆ. ನನ್ನ ಅನುವಾದಗಳ ಬಗ್ಗೆ ಅವರಿಗೆ ಮೊದಲಿನಿಂದಲೂ ಗುಮಾನಿ ಇತ್ತೆಂದು ಆಗ ತಿಳಿಯಿತು. “ಅವತ್ತು ಕೂಸಿಗೆ ಒಂಚೂರು ಕಬ್ಬಿನ ಹಾಲು ಕುಡಿಸ್ದೆ, ಬೀದಿ ಕೊನೇಲಿ ಗಾಡಿಯೋನತ್ರ. ಐಸ್ ಹಾಕಿದ್ದು. ಅದ್ರವ್ವಂಗೆ ಹೇಳ್ಬೇಡಿ.”

ನಾನು ಬದಲಾಯಿಸದೆ ಹೇಳಿದೆ. ಹುಡುಗಿ, ಹಾಗಾದರೆ ನನ್ನ ಕಣ್ಣು ಅಂದದ್ದು ಸುಳ್ಳೆಂದು ಅವರಿಗೆ ಅವತ್ತೇ ಗೊತ್ತಿತ್ತಾ, ಕೇಳಿ ಎಂದಳು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು. “ಇಲ್ಲ ಕಣಮ್ಮ, ಅವತ್ತು ನಂಬಿದ್ದೆ. ನಂಬ್ದೆ ಇದ್ದಿದ್ರೆ ಆ ಕೂಸನ್ನ ಮತ್ತೆ ಹೆಂಗೆ ಎತ್ಕೊಳ್ಳಾದು ನಾನು?”

ಇದನ್ನೂ ಬದಲಾಯಿಸದೆ ಇಂಗ್ಲಿಷಿಗೆ ತಂದೆ. ಹುಡುಗಿ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ನಮ್ಮಜ್ಜಿಯೂ ಹೀಗೇ ಏನೋ, ಎಂದಳು. ಆ ಅಜ್ಜಿ ತೀರಿಹೋಗಿ ವರ್ಷಗಳಾಗಿದ್ದವು. ಅವರು ಆ ಬೇಸಿಗೆಯಲ್ಲಿ ಮಗುವಿಗೆ ಏನು ತಿನ್ನಿಸಿದ್ದರು, ತಿನ್ನಿಸಿದ್ದರೋ ಇಲ್ಲವೋ, ಇನ್ನು ಯಾರನ್ನೂ ಕೇಳುವಂತಿರಲಿಲ್ಲ. ಅತ್ತೆ ಅವಳ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ತಲೆ ಸವರಿದರು. ನಾನು ಸಿಂಕಿನ ಕಡೆ ತಿರುಗಿ ಲೋಟ ತೊಳೆಯುವವಳಂತೆ ನಲ್ಲಿ ಬಿಟ್ಟುಕೊಂಡು ಅಳುತ್ತಾ ನಿಂತೆ.

ಆಟೋ ಬಂತು. ಸದ್ದು ನಿಂತಿದ್ದರಿಂದ ಎದ್ದು ಕೂತಿದ್ದ ಕೂಸನ್ನು ಓರಗಿತ್ತಿ ಜಗಲಿಗೆ ಎತ್ತಿಕೊಂಡು ಬಂದಳು. ಹುಡುಗಿ ಅದರ ಎದುರು ನಿಂತು, ತುಂಬ ಚೆನ್ನಾಗಿದ್ದಾನೆ ಎಂದು ಕನ್ನಡದಲ್ಲೇ, ಬೀದಿಗೆಲ್ಲ ಕೇಳುವಂತೆ ಹೇಳಿ, ಕಣ್ತುಂಬ ನೋಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಆಮೇಲೆ ತಿರುಗಿ ಆಟೋ ಹತ್ತಿದಳು.

ಅತ್ತೆಗೆ ಗಾಬರಿಯಾಯಿತು. ಅವಳ ದೇಶದ ಶಾಸ್ತ್ರವನ್ನೆಲ್ಲ ಅಷ್ಟರಲ್ಲಿ ಅವರು ನನ್ನಿಂದ ಕೇಳಿ ತಿಳಿದುಕೊಂಡಿದ್ದರು.

“ಮುಟ್ಟಮ್ಮಾ,” ಎಂದು ಆಟೋದ ಹಿಂದೆ ಎರಡು ಹೆಜ್ಜೆ ಓಡಿದರು. “ಮುಟ್ಬಿಟ್ಟು ಹೋಗೇ.”

ಅವಳು ಆಟೋದಿಂದ ತಲೆ ಹೊರಗೆ ಹಾಕಿ ನಕ್ಕಳು. ಮುಟ್ಟಲಿಲ್ಲ. ಕೂಸಿಗೆ ಏನೂ ಆಗಲಿಲ್ಲ.